ದಲಾಲಿಯನ್ನು ಯಾರು ಕೊಡಬೇಕು?

(ವಿಜಯಪುರದಲ್ಲಿ ಮಿಲ್ಲು ಕಾಮಗಾರರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಪಗಾರದ ಮಾತು, ಬೋನಸ್ಸಿನ ಮಾತು ಬಿಟ್ಟು ಈ ಹೊತ್ತು ಪರದೇಶದ ಮಾಸ್ತರಿಕೆಯ ಮಾತು ತೆಗೆದನಲ್ಲ, ಇವನಿಗೇನಾಗಿದೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಕೆಲವು ತಿಂಗಳಿಂದ ನಮ್ಮ ಕಚೇರಿಯ ಕಟ್ಟೆ ಹತ್ತಿದವರಲ್ಲಿ ಹಲವರು ಇದೇ ಪ್ರಶ್ನೆ ಹೊತ್ತು ಬಂದಿದ್ದಾರೆ. ಟಿಕೋಟಾದಿಂದ ಒಬ್ಬ ದ್ರಾಕ್ಷಿ ಬೆಳೆಗಾರರು, ಬಬಲೇಶ್ವರದಿಂದ ಒಬ್ಬ ಕಿರಾಣಿ ಅಂಗಡಿಯವರು, ಇದೇ ಊರಿನ ಜಿನ್ನಿಂಗ ಮಿಲ್ಲಿನಲ್ಲಿ ದುಡಿಯುವ ಒಬ್ಬ ಹಿರಿಯ ಸಂಗಾತಿ. ಮೂವರ ಮಕ್ಕಳೂ ಬಿ.ಎಡ್. ಮುಗಿಸಿದವರು. ಮೂವರ ಕೈಯಲ್ಲೂ ಏಜೆಂಟರು ಕಳಿಸಿದ ಕಾಗದ.

ಮಿಲ್ಲಿನ ಸಂಗಾತಿಯದನ್ನಷ್ಟೇ ಹೇಳುತ್ತೇನೆ. ಮಗಳು ಗಣಿತದಲ್ಲಿ ಬಿ.ಎಸ್.ಸಿ., ಮೇಲೆ ಬಿ.ಎಡ್. ಖಾಸಗಿ ಶಾಲೆಯಲ್ಲಿ ತಿಂಗಳಿಗೆ ಎಂಟು ಸಾವಿರ. ಫೋನಿನಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿದಳು. ಹತ್ತು ನಿಮಿಷ ಫೋನಿನಲ್ಲೇ ಮಾತಾಡಿಸಿ, ಕೊಲ್ಲಿಯ ಒಂದು ಶಾಲೆಯಲ್ಲಿ ನೌಕರಿ ಆಯಿತೆಂದು ಶಿಕ್ಕಾ ಹೊಡೆದ ಪತ್ರ ಕಳಿಸಿದರು. ಒಂದು ಲಕ್ಷ ಎಂಬತ್ತು ಸಾವಿರ ಕೊಡಬೇಕು, ಮೊದಲು ನಲವತ್ತು ಸಾವಿರ, ಮೂಲ ಸರ್ಟಿಫಿಕೇಟುಗಳನ್ನು ಕೊರಿಯರಿನಲ್ಲಿ ಕಳಿಸಬೇಕು. ನಲವತ್ತು ಸಾವಿರ ಕೊಟ್ಟಾದ ಮೇಲೆ ಆ ಮನುಷ್ಯ ನನ್ನ ಹತ್ತಿರ ಬಂದು, “ಮಾಸ್ತರ, ಉಳಿದದ್ದಕ್ಕ ನಮ್ಮಾಕೀ ಬಂಗಾರ ಒತ್ತಿ ಇಡಲ್ಯಾ?” ಎಂದು ಕೇಳಿದರು.

ನಾನು ಮೆಟ್ರಿಕ್ ಓದಿದವನು. ನಾಲ್ಕು ವರುಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಬಿಟ್ಟವನು. ನನಗೇನು ಗೊತ್ತು ಪರದೇಶ? ಆದರೂ ಹುಡುಗಿಗೆ ಒಂದು ಮಾತು ಹೇಳಿದೆ: ಪತ್ರದಲ್ಲಿರುವ ನಂಬರಿಗೆ ಫೋನು ಮಾಡಬೇಡ, ಆ ಶಾಲೆಯವರೇ ಪ್ರಕಟಿಸಿರುವ ವಿಳಾಸ ಹುಡುಕಿ ಅಲ್ಲಿಗೆ ಬರೆ. ಎರಡನೆಯ ದಿನ ಉತ್ತರ ಬಂತು. ಗಣಿತದ ಜಾಗ ಖಾಲಿ ಇಲ್ಲ, ಈ ಏಜೆಂಟರು ಯಾರೋ ನಮಗೆ ತಿಳಿಯದು. ಬಂಗಾರ ಉಳಿಯಿತು, ಸರ್ಟಿಫಿಕೇಟು ಉಳಿದವು. ನಲವತ್ತು ಸಾವಿರಕ್ಕೆ ರಸೀದಿಯೇ ಇಲ್ಲ. ದೂರು ಪೋಲೀಸರ ಮುಂದಿದೆ.

ಈಗ ಅಡತಿ ಅಂಗಡಿಯ ಲೆಕ್ಕದಿಂದ ನೋಡೋಣ, ತಮಗೆ ಬೇಗ ತಿಳಿಯುತ್ತದೆ. ಟಿಕೋಟಾದ ಮಣೂಕ ಪೇಟೆಗೆ ಹೋಗುತ್ತದೆ. ನಮ್ಮ ರಾಜ್ಯದ ಮಾರ್ಕೆಟ್ಟಿನ ಕಾಯದೆಯ ಪ್ರಕಾರ ಅಡತ್ಯಾನ ದಲಾಲಿಯನ್ನು ಕೊಡಬೇಕಾದವನು ಖರೀದಿದಾರ. ರೈತನ ಪಟ್ಟಿಯಲ್ಲಿ ಮುರಿಯುವಂತಿಲ್ಲ. ಕಟ್ಟೆಯ ಮೇಲೆ ಏನು ನಡೆಯುತ್ತದೆಂಬುದು ತಮಗೆ ಗೊತ್ತು, ಆ ಜಗಳ ಬೇರೆ. ಆದರೆ ನ್ಯಾಯ ಸರಿಯಾಗಿದೆ: ಮಾಲು ಬೇಕಾದವನು ದಲಾಲಿ ಕೊಡಲಿ. ಮಾಸ್ತರ ಬೇಕಾಗಿರುವದು ಆ ಶಾಲೆಗೆ. ಹಾಗಿದ್ದ ಮೇಲೆ ಏಜೆಂಟನಿಗೆ ಶಾಲೆಯೇ ಕೊಡಬೇಕಲ್ಲವೇ? ದೊಡ್ಡ ಅಂತಾರಾಷ್ಟ್ರೀಯ ಶಾಲೆಗಳಿಗೆ ಮಾಸ್ತರರನ್ನು ಹುಡುಕಿಕೊಡುವ ನೇರ ಸಂಸ್ಥೆಗಳು ಬಹುಪಾಲು ಹಣವನ್ನು ಶಾಲೆಯಿಂದಲೇ ಪಡೆಯುತ್ತವೆ. ಇಂಗ್ಲಂಡದಲ್ಲಂತೂ 1973ರ ಕಾಯದೆಯೇ ಇದೆ. ಕೆಲಸ ಹುಡುಕಿಕೊಟ್ಟದ್ದಕ್ಕೆ ಕೆಲಸಗಾರನಿಂದ ಏಜೆನ್ಸಿ ಹಣ ಕೇಳಕೂಡದು.

ನಮ್ಮ ದೇಶದ ಕಾಯದೆ ಅಷ್ಟು ದೂರ ಹೋಗಿಲ್ಲ, ಆದರೆ ಮಿತಿ ಹಾಕಿದೆ. 1983ರ ವಲಸೆ ಕಾಯದೆಯ ಮೇರೆಗೆ ಪರದೇಶದ ನೌಕರಿಗೆ ಜನರನ್ನು ಕಳಿಸುವವನು ಕೇಂದ್ರ ಸರಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವನು ನಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಅಂದರೆ 35,400. ಅದಕ್ಕೆ ರಸೀದಿ ಕೊಡಲೇಬೇಕು. ನೋಂದಣಿ ಉಂಟೋ ಇಲ್ಲವೋ ಎಂಬುದನ್ನು ವಿದೇಶಾಂಗ ಖಾತೆಯ ‘ಇ-ಮೈಗ್ರೇಟ್’ ಎಂಬಲ್ಲಿ ಯಾರು ಬೇಕಾದರೂ ನೋಡಬಹುದು. ಒಂದು ಲಕ್ಷ ಎಂಬತ್ತು ಸಾವಿರ ಎಲ್ಲಿ, ಮೂವತ್ತೈದು ಸಾವಿರ ಎಲ್ಲಿ!

ಇನ್ನು ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ ಸಂಗತಿ. ಸೌದಿ, ಕುವೈತ, ಯು.ಎ.ಇ. ಮೊದಲಾದ 18 ದೇಶಗಳಿಗೆ ಮೆಟ್ರಿಕ್ ಆಗದ ಗೌಂಡಿ ಹೋಗಬೇಕಾದರೆ ಸರಕಾರದ ವಲಸೆ ರಕ್ಷಣಾಧಿಕಾರಿಯ ಪರವಾನಗಿ ಬೇಕು. ಅವನ ಕರಾರು, ಪಗಾರ, ವಿಮೆ ಅಲ್ಲಿ ಪರೀಕ್ಷೆಯಾಗುತ್ತವೆ. ಮೆಟ್ರಿಕ್ ಪಾಸಾದವನಿಗೆ ಈ ಪರವಾನಗಿ ಬೇಕಿಲ್ಲ. ಓದಿದವನು ತನ್ನನ್ನು ತಾನೇ ಕಾಯ್ದುಕೊಳ್ಳುತ್ತಾನೆಂಬ ನಂಬಿಕೆ. ಹೀಗಾಗಿ ಎರಡು ಪದವಿಯ ಆ ಹುಡುಗಿಯ ಕರಾರನ್ನು ಹೋಗುವ ಮುಂಚೆ ಯಾವ ಅಧಿಕಾರಿಯೂ ನೋಡುವದಿಲ್ಲ. ನರ್ಸುಗಳಿಗೂ ಮೊದಲು ಇದೇ ಗತಿ ಇತ್ತು. ಅವರ ಸುಲಿಗೆ ಮಿತಿ ಮೀರಿದಾಗ 2015ರಲ್ಲಿ, ಓದಿದವರಾದರೂ ಆ ದೇಶಗಳಿಗೆ ಹೋಗುವ ನರ್ಸುಗಳಿಗೆ ಪರವಾನಗಿ ಕಡ್ಡಾಯವಾಯಿತು. ಭರ್ತಿಯ ಕೆಲಸವನ್ನು ಮೊದಲಿಗೆ ಸರಕಾರಿ ಸಂಸ್ಥೆಗಳಿಗೇ ವಹಿಸಿದರು. ನರ್ಸುಗಳಿಗೆ ಆದದ್ದು ಮಾಸ್ತರರಿಗೆ ಏಕೆ ಆಗಬಾರದು? ಈ ಬೇಡಿಕೆಯ ಅರ್ಜಿ ಬರೆದಿಟ್ಟಿದ್ದೇನೆ, ಸಭೆ ಮುಗಿದ ಮೇಲೆ ಸಹಿ ಮಾಡಿ ಹೋಗಬೇಕು.

ಕಾಗದ ಚೊಕ್ಕಟವಿದ್ದು, ನೌಕರಿ ನಿಜವಿದ್ದರೂ ಸುಲಿಗೆ ತಪ್ಪುವದಿಲ್ಲ ಎಂಬುದಕ್ಕೆ ಅಮೇರಿಕೆಯದೊಂದು ಸಂಗತಿ ಕೇಳಿರಿ. 2007ರಿಂದ ಸುಮಾರು 350 ಮಂದಿ ಫಿಲಿಪ್ಪೀನ್ಸಿನ ಮಾಸ್ತರರು ಲೂಯಿಸಿಯಾನಾ ರಾಜ್ಯದ ಸರಕಾರಿ ಶಾಲೆಗಳಿಗೆ ಹೋದರು. ನೌಕರಿ ಖರೆ, ಶಾಲೆ ಖರೆ. ಆದರೆ ಏಜೆನ್ಸಿಗೆ ತಲೆಗೆ ಸುಮಾರು 16,000 ಡಾಲರು ಕಟ್ಟಿದ್ದರು, ಬಹಳಷ್ಟು ಮಂದಿ ಸಾಲ ಮಾಡಿ. ಸಾಲದ್ದಕ್ಕೆ ಎರಡನೆಯ ವರುಷದ ಪಗಾರದಲ್ಲಿ ನೂರಕ್ಕೆ ಹತ್ತು ಕೊಡುವ ಕರಾರಿಗೂ ಸಹಿ ಹಾಕಬೇಕಾಯಿತು. ಅವರು ಅಲ್ಲಿಯ ಶಿಕ್ಷಕರ ಸಂಘವನ್ನು ಸೇರಿದರು. ಸಂಘ ದೂರು ಕೊಟ್ಟಿತು. 2010ರಲ್ಲಿ 18 ಲಕ್ಷ ಡಾಲರು ಮರಳಿಸಬೇಕೆಂದು ಆಜ್ಞೆಯಾಯಿತು. 2012ರಲ್ಲಿ ನ್ಯಾಯಾಲಯದ ಪಂಚರು ಏಜೆನ್ಸಿಯ ವಿರುದ್ಧ 45 ಲಕ್ಷ ಡಾಲರು ಪರಿಹಾರ ವಿಧಿಸಿದರು. ಒಬ್ಬೊಬ್ಬರೇ ಅತ್ತಿದ್ದರೆ ಇದಾಗುತ್ತಿತ್ತೇ?

ಹಾಗಾದರೆ ಹೋಗಲೇಬಾರದೇ ಎಂದು ಬಬಲೇಶ್ವರದ ಅಂಗಡಿಯವರು ಕೇಳಿದರು. ಹಾಗೆಂದು ನಾನು ಹೇಳುವದಿಲ್ಲ. ಇಥಿಯೋಪಿಯದ ಶಾಲೆಗಳಲ್ಲಿ 1950 ಮತ್ತು 60ರ ದಶಕಗಳಲ್ಲಿ ನಮ್ಮ ದೇಶದ, ಅದರಲ್ಲೂ ಕೇರಳದ, ಮಾಸ್ತರರು ದೊಡ್ಡ ಸಂಖ್ಯೆಯಲ್ಲಿ ಕಲಿಸಿದರು, ಮಾನದಿಂದ ಬಾಳಿದರು. ನಮ್ಮಲ್ಲಿ ಅತಿಥಿ ಶಿಕ್ಷಕನಿಗೆ ಕೊಡುವ ಗೌರವಧನ ಅಲ್ಪ, ಅದೂ ವರುಷವಿಡೀ ಇಲ್ಲ. ಹೊಟ್ಟೆಯ ಮೇಲೆ ಬರೆ ಎಳೆದುಕೊಂಡು ಇಲ್ಲಿಯೇ ಇರಿ ಎಂದು ಹೇಳಲು ನನಗೆ ಬಾಯಿ ಬರುವದಿಲ್ಲ.

ಆದರೆ ದಾರಿ ತಿಳಿದು ಹೋಗಬೇಕು. ಕೊಲ್ಲಿ ದೇಶಗಳಲ್ಲಿ ಸಿ.ಬಿ.ಎಸ್.ಇ. ಪಠ್ಯದ ಭಾರತೀಯ ಶಾಲೆಗಳೇ ನೂರಕ್ಕೂ ಹೆಚ್ಚಿವೆ. ಅನೇಕ ಶಾಲೆಗಳು ಜಾಹೀರಾತು ಕೊಟ್ಟು ಅರ್ಜಿಯನ್ನು ತಾವೇ ಪಡೆಯುತ್ತವೆ, ನಡುವೆ ಯಾರೂ ಬೇಕಿಲ್ಲ. ಇಂಗ್ಲಂಡ 2023ರಿಂದ ಭಾರತದಲ್ಲಿ ತರಬೇತಿ ಪಡೆದ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರು ಅಲ್ಲಿಯ ಶಿಕ್ಷಕ ಅರ್ಹತೆಗೆ ಇಲ್ಲಿಂದಲೇ ಅರ್ಜಿ ಹಾಕಲು ಅವಕಾಶ ಕೊಟ್ಟಿದೆ. ಆ ಅರ್ಜಿಗೆ ಶುಲ್ಕವಿಲ್ಲ. ಕೇರಳದವರು ಒ.ಡಿ.ಇ.ಪಿ.ಸಿ. ಎಂಬ ಸರಕಾರಿ ಭರ್ತಿ ಸಂಸ್ಥೆಯನ್ನು 1977ರಲ್ಲಿಯೇ ಕಟ್ಟಿಕೊಂಡರು. ನಮ್ಮ ರಾಜ್ಯದಲ್ಲಿಯೂ ಕೌಶಲ್ಯಾಭಿವೃದ್ಧಿ ನಿಗಮದ ಕೆಳಗೆ ಅಂತಾರಾಷ್ಟ್ರೀಯ ವಲಸೆ ಕೇಂದ್ರವಿದೆ. ಆದರೆ ಟಿಕೋಟಾದಲ್ಲಿ ಅದರ ಹೆಸರು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ಏಜೆಂಟನ ಫೋನು ಮಾತ್ರ ಮನೆ ಮನೆಗೆ ಬರುತ್ತದೆ.

ಇನ್ನೆರಡು ಮಾತು, ಮನೆಯಲ್ಲಿ ಮಕ್ಕಳಿಗೆ ಹೇಳಿರಿ. ಸಂದರ್ಶಕ ವೀಸಾದ ಮೇಲೆ ಹೋಗು, ಅಲ್ಲಿ ಬದಲಿಸಿಕೊಡುತ್ತೇವೆ ಎನ್ನುವವನ ಬೆನ್ನು ಹತ್ತಬಾರದು. ಕರಾರಿನಲ್ಲಿ ಪಗಾರ, ವಾಸದ ಮನೆ, ಹೋಗಿಬರುವ ವಿಮಾನದ ಖರ್ಚು, ನಡುವೆ ಬಿಟ್ಟರೆ ದಂಡವೆಷ್ಟು ಎಂಬುದೆಲ್ಲ ಬರೆದಿರಬೇಕು. ದಂಡದ ಕಲಮನ್ನು ಎರಡು ಸಲ ಓದಬೇಕು, ಅದನ್ನು ಯಾವಾಗಲೂ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಫೋನಿನ ಮುಖಾಂತರ ಹಣ ಹೋಗಿದ್ದರೆ ನಾಚಿಕೆಪಟ್ಟು ಕೂಡಬೇಡಿ, ಆ ಗಳಿಗೆಯಲ್ಲೇ 1930ಕ್ಕೆ ಫೋನು ಮಾಡಿರಿ. ನಮ್ಮ ಸಂಗಾತಿ ಹನ್ನೆರಡು ದಿನ ಯಾರಿಗೂ ಹೇಳದೆ ಕೂತಿದ್ದರು.

ಆ ಹುಡುಗಿ ಈಗ ಮೂರು ಶಾಲೆಗಳಿಗೆ ತಾನೇ ನೇರ ಅರ್ಜಿ ಬರೆದಿದ್ದಾಳೆ. ಇಬ್ಬರು ಎರಡು ವರುಷದ ಅನುಭವ ಕೇಳಿದ್ದಾರೆ. ಅವಳಿಗೆ ಇನ್ನೂ ಏಳು ತಿಂಗಳು ಕಡಿಮೆ. ಭಾನುವಾರ ಮುಂಜಾನೆ ಅವಳು ನಮ್ಮ ಕಚೇರಿಯಲ್ಲಿ ಕೂಡುತ್ತಾಳೆ. ಯಾರ ಮನೆಯಲ್ಲಿ ಇಂಥ ಕಾಗದ ಬಂದಿದೆಯೋ ಅವರು ತಂದು ತೋರಿಸಿರಿ, ಅವಳು ಓದಿ ಹೇಳುತ್ತಾಳೆ. ಝೆರಾಕ್ಸ್ ಪ್ರತಿ ತಂದರೆ ಸಾಕು, ಮೂಲ ಪ್ರತಿ ಮನೆಯ ಪೆಟ್ಟಿಗೆಯಲ್ಲೇ ಇರಲಿ.