ಪಂದ್ಯದ ಬೈಸಿಕಲ್ಲೋ, ದೂರಪಯಣದ ಬೈಸಿಕಲ್ಲೋ?



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ವೇಗದ ಬೈಸಿಕಲ್ಲನ್ನು ಕೊಳ್ಳಬೇಕೆಂದಿರುವ ತರುಣರು ಮೊದಲು ಒಂದು ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಎರಡು ಜಾತಿಗಳುಂಟು: ಒಂದು ಪಂದ್ಯಕ್ಕಾಗಿ ಮಾಡಿದುದು, ಇನ್ನೊಂದು ದೂರಪಯಣಕ್ಕಾಗಿ ಮಾಡಿದುದು. ನೋಟಕ್ಕೆ ಎರಡೂ ಒಂದೇ ಬಗೆಯವಾಗಿ ತೋರುತ್ತವೆ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ತೆತ್ತ ಮೇಲೆ ಬದಲಾಯಿಸುವುದು ಸುಲಭವಲ್ಲ. ಆದುದರಿಂದ ಭೇದವನ್ನು ಮೊದಲೇ ಅರಿಯುವುದು ಲೇಸು.

ಪಂದ್ಯದ ಬೈಸಿಕಲ್ಲಿನಲ್ಲಿ ಹ್ಯಾಂಡಲ್ಲು ತಗ್ಗಾಗಿಯೂ ದೂರವಾಗಿಯೂ ಇರುತ್ತದೆ. ಚಕ್ರಗಳ ನಡುವಣ ಅಂತರ ಕಿರಿದು. ಸವಾರನು ಬಾಗಿ ಗಾಳಿಯನ್ನು ಸೀಳುವನು; ಯಂತ್ರವು ಕೈಯ ಸನ್ನೆಗೇ ತಿರುಗುವುದು. ದೂರಪಯಣದ ಬೈಸಿಕಲ್ಲಿನಲ್ಲಿ ಹ್ಯಾಂಡಲ್ಲು ಎತ್ತರವಾಗಿಯೂ ಹತ್ತಿರವಾಗಿಯೂ ಇರುವುದು. ಚಕ್ರಗಳ ಅಂತರ ಹೆಚ್ಚು. 32 ಮಿಲಿಮೀಟರಿನ ಅಥವಾ ಅದಕ್ಕೂ ಅಗಲವಾದ ಟೈರಿಗೆ ಎಡೆಯುಂಟು. ಏರುದಾರಿಗೆ ಹಗುರವಾದ ಗಿಯರುಗಳೂ ಉಂಟು.

ಇನ್ನು ನಮ್ಮ ದಾರಿಗಳನ್ನು ನೋಡೋಣ. ಶಿರಾದ ಹೆದ್ದಾರಿ ನುಣುಪಾದುದು, ದಿಟ. ಆದರೆ ಅಲ್ಲಿ ಲಾರಿಗಳ ಸಂಚಾರ ಬಹಳ. ಕೊರಟಗೆರೆಯಿಂದ ಮಧುಗಿರಿಯ ಮಾರ್ಗವಾಗಿ ಪಾವಗಡಕ್ಕೆ ಸುಮಾರು 75 ಕಿಲೋಮೀಟರು. ಹೋಗಿ ಬರುವಲ್ಲಿ 150. ಗುಡ್ಡಗಳ ನಡುವೆ ಏರಿಳಿತ, ಊರುಗಳಲ್ಲಿ ರಸ್ತೆಯುಬ್ಬು, ಹಳ್ಳಿಯ ಕವಲಿನಲ್ಲಿ ಜಲ್ಲಿ. ಅಷ್ಟು ಹೊತ್ತು ಬಾಗಿ ಕುಳಿತವನ ಕತ್ತು, ಸೊಂಟ, ಅಂಗೈಗಳು ಮೊದಲು ಸೋಲುತ್ತವೆ. ಕಾಲಿನಲ್ಲಿ ಬಲವಿದ್ದೂ ಅವನು ನಿಲ್ಲಬೇಕಾಗುವುದು. ಗಾಳಿಯನ್ನು ಕೊಂಚ ಕಡಮೆ ತುಂಬಿದ ಅಗಲವಾದ ಟೈರು ಒರಟು ದಾರಿಯ ಅದುರನ್ನು ನುಂಗುವುದಲ್ಲದೆ ವೇಗವನ್ನೂ ಉಳಿಸುವುದು. ಫ್ರಾನ್ಸಿನಲ್ಲಿ 1896ರಲ್ಲಿ ಮೊದಲಾದ ಪ್ಯಾರಿಸ್–ರೂಬೇ ಪಂದ್ಯದ ಕಲ್ಲುಹಾಸಿನ ಮೇಲೆ ಪಂದ್ಯಾಳುಗಳೇ ಇಂದು ಅಗಲವಾದ ಟೈರುಗಳನ್ನು ಆಶ್ರಯಿಸುತ್ತಾರೆ.

ಬಯಲಿನ ಎದುರುಗಾಳಿಗೆ ತಗ್ಗಾದ ಹ್ಯಾಂಡಲ್ಲೇ ಮೇಲೆಂದು ಕೆಲವರು ವಾದಿಸಬಹುದು. ದೂರಪಯಣದ ಬೈಸಿಕಲ್ಲಿನಲ್ಲಿಯೂ ಹ್ಯಾಂಡಲ್ಲಿನ ಕೆಳತುದಿಯನ್ನು ಹಿಡಿದು ಬಾಗಬಹುದು. ಪಂದ್ಯದ್ದರಲ್ಲಿ ದಣಿದಾಗ ನೆಟ್ಟಗೆ ಕುಳಿತು ಸಾಗುವುದು ಅಷ್ಟು ಸುಲಭವಲ್ಲ. ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಬಹುಮಂದಿಗೆ ದೂರಪಯಣದ್ದೇ ಯುಕ್ತವೆಂದು ನಾವು ಭಾವಿಸುತ್ತೇವೆ. ನಿಜವಾಗಿ ಪಂದ್ಯಕ್ಕಿಳಿಯುವವನು, ಮೈ ಚೆನ್ನಾಗಿ ಬಾಗುವವನು, ಮುಂಜಾನೆ ಒಂದೆರಡು ಗಂಟೆ ಮಾತ್ರ ಅಭ್ಯಾಸಮಾಡುವವನು ಪಂದ್ಯದ್ದನ್ನೇ ಕೊಳ್ಳಲಿ.

ಯಾವುದನ್ನು ಕೊಂಡರೂ ಒಂದು ಎಚ್ಚರಿಕೆ ಅವಶ್ಯ. ಇವೆರಡರ ರಿಮ್ಮಿನ ಅಳತೆ ಸಾಮಾನ್ಯವಾಗಿ 622 ಮಿಲಿಮೀಟರು. ನಮ್ಮ ಊರುಗಳ 28 ಇಂಚಿನ ಹಳೆಯ ಬೈಸಿಕಲ್ಲಿನದು 635. ಆ ಟೈರು ಇದಕ್ಕೆ ಒದಗದು. ಬದಲಿ ಟ್ಯೂಬು, ಪಂಪು, ಎರಡು ಸೀಸೆ ನೀರು ಜೊತೆಯಲ್ಲಿರಲಿ.

ಕೊಳ್ಳುವ ಮುನ್ನ ಒಂದು ಗಂಟೆಯಾದರೂ ಸವಾರಿ ಮಾಡಿ ನೋಡಬೇಕೆಂಬುದೇ ನಮ್ಮ ಕಡೆಯ ಸೂಚನೆ. ಅಂಗಡಿಯವರ ಮಾತಿಗಿಂತ ನಿಮ್ಮ ಬೆನ್ನು ಹೇಳುವ ಮಾತು ಹೆಚ್ಚು ನಂಬತಕ್ಕುದು.