ಗಾನವಿದ್ಯೆಯೂ ದಯೆಯೂ



ಕರುಣರಸಕ್ಕೆ ಶೋಕವು ಸ್ಥಾಯಿಭಾವವೆಂದು ಅಲಂಕಾರಶಾಸ್ತ್ರಜ್ಞರು ಹೇಳಿರುವರು. ಗಾಯಕನು ಆರ್ತಸ್ವರದಿಂದ ಹಾಡಲು ಸಭಿಕರ ಕಣ್ಣುಗಳು ತೇವಗೊಳ್ಳುವುವು. ಸಭೆ ಮುಗಿದೊಡನೆ ಅವರು ಕಣ್ಣೊರೆಸಿಕೊಂಡು ಮನೆಗೆ ನಡೆಯುವರು. ಇದು ರಸಾಸ್ವಾದವೇ ಹೊರತು ದಯೆಯಲ್ಲ. ದಯೆಯು ಕಣ್ಣಿನಲ್ಲಿ ನಿಲ್ಲದೆ ಕೈಗಿಳಿಯಬೇಕು, ದಾಸೋಹವಾಗಬೇಕು. ಹಾಗೆ ಆದುದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಅರಸಬೇಕಾಗಿಲ್ಲ.

1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯನೆಂಬ ಅಂಧಶಿಶುವು ಜನಿಸಿತು. ಒಡಹುಟ್ಟಿದ ಅಣ್ಣನಿಗೂ ದೃಷ್ಟಿಯಿರಲಿಲ್ಲ. ಆ ಬಡಮನೆಯ ದುಃಖವನ್ನು ಬಣ್ಣಿಸುವುದೇಕೆ? ಬಾಲಕನಲ್ಲಿದ್ದ ಕಂಠಶ್ರೀಯನ್ನು ಗುರುತಿಸಿ ಕೈಹಿಡಿದವರು ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು; 1909ರಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು ಇವರೇ. ಅಂಧಬಾಲಕನಿಗೆ ಹಿಡಿ ಜೋಳವನ್ನಿತ್ತು ಮುಂದಕ್ಕೆ ಕಳುಹುವುದು ಸುಲಭವಾಗಿದ್ದಿತು. ಲೋಕದ ದಯೆಯು ಬಹುಮಟ್ಟಿಗೆ ಅಷ್ಟಕ್ಕೇ ತೃಪ್ತವಾಗುವುದು. ಆದರೆ ಭಿಕ್ಷೆಯು ಬೇಡುವವನನ್ನು ಬೇಡುವವನಾಗಿಯೇ ಉಳಿಸುವುದೆಂಬುದನ್ನು ಅರಿತ ಸ್ವಾಮಿಗಳು ಆತನಿಗೆ ವಿದ್ಯೆಯನ್ನೇ ಕೊಡಿಸಿದರು. ಮೈಸೂರಿನಲ್ಲಿ ಕರ್ಣಾಟಕ ಸಂಗೀತವೂ, ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನೀ ಸಂಗೀತವೂ ಸಿದ್ಧಿಸಿದವು. ಗದಿಗೆಯ್ಯನು ಪಂಚಾಕ್ಷರಿ ಗವಾಯಿಗಳಾದನು.

ಎರಡು ಪದ್ಧತಿಗಳಲ್ಲಿಯೂ ಪ್ರಾವೀಣ್ಯವುಳ್ಳ ಗಾಯಕನು ರಾಜಾಶ್ರಯವನ್ನು ಬಯಸಿದ್ದರೆ ತಪ್ಪೆನ್ನುವವರಾರು? ಗವಾಯಿಗಳು ಮಾತ್ರ ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರಿಂದೂರಿಗೆ ಪಾಠಶಾಲೆಯನ್ನೇ ನಡೆಸಿಕೊಂಡು ಹೋದರು. ಇಂದು ಒಂದು ಊರಿನ ಗುಡಿ, ನಾಳೆ ಇನ್ನೊಂದರ ಮಠ. ಭಕ್ತರು ನೀಡಿದ ಧಾನ್ಯವೇ ಆ ದಿನದ ಪ್ರಸಾದ. ಬರೆದ ಸ್ವರಲಿಪಿಯನ್ನು ಓದಲಾರದ ಮಕ್ಕಳಿಗೆ ಪಾಠವೆಲ್ಲವೂ ಬಾಯಿಂದ ಕಿವಿಗೆ. ತಂಬೂರಿಯ ನಾಲ್ಕು ತಂತಿಗಳನ್ನು ಶ್ರುತಿಗೂಡಿಸುವುದು ಮೊದಲ್ಗೊಂಡು ತಬಲದ ಮೇಲೆ ಬೆರಳಿಡುವವರೆಗೆ, ಗುರುವಿನ ಕೈ ಶಿಷ್ಯನ ಕೈಯನ್ನು ಮುಟ್ಟಿಯೇ ಕಲಿಸಬೇಕು. ಒಂದು ಪಲುಕನ್ನು ನೂರು ಸಲ ಹೇಳಿಯೂ ಬೇಸರಿಸದಿರುವುದೂ ತಪಸ್ಸೇ ಅಲ್ಲವೇ! ಕಣ್ಣುಳ್ಳ ಶಿಷ್ಯರೂ ಅಲ್ಲಿದ್ದರು. ಮುಂದೆ ಅಖಿಲಭಾರತ ಖ್ಯಾತಿಯನ್ನು ಪಡೆದ ಬಸವರಾಜ ರಾಜಗುರುಗಳು ಅವರಲ್ಲೊಬ್ಬರು.

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಬಳಿಕ ಗದಗಿನ ವೀರೇಶ್ವರ ಪುಣ್ಯಾಶ್ರಮದ ಭಾರವು ಶಿಷ್ಯರಾದ ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಇವರೂ ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಹಲವು ವಾದ್ಯಗಳಲ್ಲಿ ನಿಪುಣರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಕರ್ತರು. ಆಶ್ರಮದ ಮಕ್ಕಳ ಊಟಕ್ಕಾಗಿ ನಾಟಕಮಂಡಳಿಯನ್ನೂ ನಡೆಸಿದರು. ವಿರಕ್ತರಿಗೆ ನಾಟಕವೇಕೆಂದು ಯಾರಾದರೂ ಕೇಳಬಹುದು. ಹಸಿದ ಮಗುವು ಹಾಗೆ ಕೇಳದು. 2010ರಲ್ಲಿ, ಪದ್ಮಭೂಷಣ ಪ್ರಶಸ್ತಿಯು ಬಂದ ವರುಷವೇ, ಅವರು ಲಿಂಗೈಕ್ಯರಾದರು.

ಹಳ್ಳಿಹಳ್ಳಿಗಳಲ್ಲಿ ಭಕ್ತರು ಅವರಿಗೆ ತುಲಾಭಾರವನ್ನು ಮಾಡುತ್ತಿದ್ದರು. ತಕ್ಕಡಿಯ ಒಂದು ತಟ್ಟೆಯಲ್ಲಿ ವೃದ್ಧ ಅಂಧಗುರು, ಇನ್ನೊಂದರಲ್ಲಿ ಒಕ್ಕಲಿಗರು ಸುರಿದ ನಾಣ್ಯ. ತಟ್ಟೆಗಳು ಸಮನಾದೊಡನೆ ಆ ಹಣವು ಗದಗಿಗೆ, ಮಕ್ಕಳ ಅಡಿಗೆಮನೆಗೆ ಹೋಗುತ್ತಿದ್ದಿತು.