ವಿದೇಶಕ್ಕೆ ಹೊರಡೋ ಮುಂಚೆ: ಎಲ್ಲಾ ಕಾಗದದಲ್ಲೂ ಒಂದೇ ಹೆಸರು ಇದೆಯಾ?

ವಿದೇಶಕ್ಕೆ ಹೋಗೋದು ಅಂದ ತಕ್ಷಣ ನಾವೆಲ್ಲ ವೀಸಾ, ಟಿಕೆಟ್, ಅಲ್ಲಿನ ಚಳಿ ಬಗ್ಗೆ ಯೋಚನೆ ಮಾಡ್ತೀವಿ. ಇವತ್ತು ಅದಕ್ಕೂ ಮುಂಚಿನ ಕೆಲಸದ ಬಗ್ಗೆ ಮಾತಾಡೋಣ. ನಿಮ್ಮ ಮನೆ ಬೀರುವಿನಲ್ಲಿರೋ ಕಾಗದಗಳ ಬಗ್ಗೆ.

ಮಹಾರಾಷ್ಟ್ರದಲ್ಲಿ ನೆಲೆಸಿರೋ ಕನ್ನಡ ಕುಟುಂಬಗಳಿಗೆ ಈ ವಿಷಯ ಸ್ವಲ್ಪ ಹೆಚ್ಚೇ ಮುಖ್ಯ. ಯಾಕೆ ಅಂತ ಒಂದು ಉದಾಹರಣೆಯಲ್ಲಿ ಹೇಳ್ತೀನಿ. ನಾಸಿಕ್ ಜಿಲ್ಲೆಯ ಚಾಂದವಡ್‌ನಲ್ಲಿ, ಮುಂಬೈ–ಆಗ್ರಾ ಹೆದ್ದಾರಿ ಪಕ್ಕ ಹೋಟೆಲ್ ನಡೆಸೋ ಒಂದು ಕುಟುಂಬ ಇದೆ ಅಂತ ಇಟ್ಕೊಳ್ಳಿ. ಮೂಲ ಕುಂದಾಪುರ ಕಡೆಯವರು. ಅಪ್ಪನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು 'ಮಂಜುನಾಥ ಕೆ.' ಇನಿಷಿಯಲ್ ಮಾತ್ರ, ಶೆಟ್ಟಿ ಅನ್ನೋದೇ ಇಲ್ಲ. ಮಗಳು ಓದಿದ್ದು ಚಾಂದವಡ್‌ನಲ್ಲಿ. ಮಹಾರಾಷ್ಟ್ರ ಬೋರ್ಡ್‌ನ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ತನ್ನ ಹೆಸರು, ಆಮೇಲೆ ಅಪ್ಪನ ಹೆಸರು: 'ಶೆಟ್ಟಿ ಅಕ್ಷತಾ ಮಂಜುನಾಥ'. ಅಂದ್ರೆ ಮಗಳ ಕಾಗದದಲ್ಲಿ ಅಪ್ಪ ಮಂಜುನಾಥ ಶೆಟ್ಟಿ, ಅಪ್ಪನ ಸ್ವಂತ ಕಾಗದದಲ್ಲಿ ಮಂಜುನಾಥ ಕೆ. ನಮಗೆ ಇಬ್ಬರೂ ಒಬ್ಬರೇ ಅಂತ ಗೊತ್ತು. ದೂರದ ದೇಶದ ಅಧಿಕಾರಿಗೆ ಹೇಗೆ ಗೊತ್ತಾಗ್ಬೇಕು?

ಇನ್ನೊಂದು ತೊಡಕಿದೆ. ಮೊದಲ ಹೆರಿಗೆ ತವರುಮನೆಯಲ್ಲಿ ತಾನೇ? ಹಾಗಾಗಿ ಮಗಳ ಜನನ ಪ್ರಮಾಣಪತ್ರ ಕರ್ನಾಟಕದ್ದು. ಇಂಗ್ಲಿಷಲ್ಲಿ ಬರೆಯೋವಾಗ ನಾವು ಕನ್ನಡದವರು 'ತ' ಅಕ್ಷರಕ್ಕೆ ಟಿ ಜೊತೆ ಎಚ್ ಸೇರಿಸ್ತೀವಿ. ಮರಾಠಿಯವರು ಬರೀ ಟಿ ಬರೀತಾರೆ. ಜನನ ಪತ್ರದ ಅಕ್ಷತಾಗೆ ಎಚ್ ಇದೆ, ಅಂಕಪಟ್ಟಿಯ ಅಕ್ಷತಾಗೆ ಇಲ್ಲ. ಒಂದೇ ಒಂದು ಅಕ್ಷರ, ಆದ್ರೆ ಕಾಗದದ ಮೇಲೆ ಇಬ್ಬರು ಹುಡುಗಿಯರು.

ಹಾಗಾದ್ರೆ ಯಾವುದನ್ನ ಮೊದಲು ಸರಿ ಮಾಡ್ಬೇಕು? ತುಂಬಾ ಜನ ಆಧಾರ್‌ನಿಂದ ಶುರು ಮಾಡ್ತಾರೆ, ಅದು ಸುಲಭ ಅಂತ. ನನ್ನ ಸಲಹೆ ಬೇರೆ. ಹತ್ತನೇ ತರಗತಿ ಅಂಕಪಟ್ಟಿಯನ್ನ ಮುಂದಿಟ್ಕೊಳ್ಳಿ. ಪಿಯುಸಿ, ಡಿಗ್ರಿ ಎಲ್ಲವೂ ಆ ಹೆಸರಿನ ಹಿಂದೆಯೇ ಬಂದಿರತ್ತೆ, ಅದನ್ನ ಬದಲಾಯಿಸೋದೂ ಕಷ್ಟ. ಉಳಿದ ಕಾಗದಗಳನ್ನ ಅದಕ್ಕೆ ಹೊಂದಿಸಿ. ಮೊದಲು ಜನನ ಪತ್ರ, ಆಮೇಲೆ ಆಧಾರ್, ಪ್ಯಾನ್, ಕೊನೆಗೆ ಪಾಸ್‌ಪೋರ್ಟ್. ಜನನ ಪತ್ರದ ತಿದ್ದುಪಡಿ ಹುಟ್ಟಿದ ಊರಿನ ನೋಂದಣಾಧಿಕಾರಿ ಹತ್ತಿರವೇ ಆಗ್ಬೇಕು. ಚಾಂದವಡ್ ಕಚೇರಿಯಲ್ಲಿ ಆಗಲ್ಲ. ಊರಿಗೆ ಹಬ್ಬಕ್ಕೋ ಮದುವೆಗೋ ಹೋದಾಗ ಈ ಕೆಲಸ ಮುಗಿಸ್ಕೊಂಡು ಬನ್ನಿ. ಹೆಸರೇ ಬದಲಾಗಿದ್ರೆ ಬರೀ ಅಫಿಡವಿಟ್ ನಂಬಿ ಕೂರ್ಬೇಡಿ, ಮಹಾರಾಷ್ಟ್ರ ರಾಜಪತ್ರದಲ್ಲಿ ಪ್ರಕಟಣೆ ಮಾಡಿಸಿ.

ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಡೋ ಅಭ್ಯಾಸ ನಮ್ಮಲ್ಲಿದೆ. 2022ರ ನವೆಂಬರ್ 21ರಿಂದ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರೋರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಕೊಡಲ್ಲ ಅಂದಾಗ ಎಷ್ಟೋ ಜನಕ್ಕೆ ಗಾಬರಿ ಆಯ್ತು. ಎರಡೂ ಜಾಗ ತುಂಬಿಸಿ. ಚಾಂದವಡ್‌ನಿಂದ ನಾಸಿಕ್‌ನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಸುಮಾರು 65 ಕಿ.ಮೀ. ಇವತ್ತು ಅರ್ಧ ದಿನದ ಕೆಲಸ. ವಿದೇಶಕ್ಕೆ ಹೋದ್ಮೇಲೆ ಅದೇ ಕೆಲಸಕ್ಕೆ ರಜಾ ಹಾಕಿ, ಬೇರೆ ನಗರದಲ್ಲಿರೋ ರಾಯಭಾರ ಕಚೇರಿಗೆ ಹೋಗ್ಬೇಕಾಗ್ಬಹುದು.

ಈಗ ಅಪೋಸ್ಟಿಲ್. ಇದು 1961ರ ಹೇಗ್ ಒಪ್ಪಂದದಿಂದ ಬಂದದ್ದು. ಭಾರತ ಸೇರಿದ್ದು 2005ರಲ್ಲಿ. ನಮ್ಮ ದಾಖಲೆಯ ಮೇಲಿರೋ ಸಹಿ, ಮೊಹರು ಅಸಲಿ ಅಂತ ವಿದೇಶಾಂಗ ಸಚಿವಾಲಯ ಹೇಳೋದು, ಅಷ್ಟೇ. ಒಳಗಿರೋ ಹೆಸರು ಸರಿಯಿದೆ ಅಂತ ಅದು ಹೇಳಲ್ಲ. ತಪ್ಪು ಹೆಸರಿನ ಪತ್ರಕ್ಕೆ ಅಪೋಸ್ಟಿಲ್ ಮಾಡಿಸಿದ್ರೆ ತಪ್ಪಿಗೇ ಮೊಹರು ಒತ್ತಿಸಿದ ಹಾಗೆ. ಅದಕ್ಕೆ ತಿದ್ದುಪಡಿ ಮೊದಲು, ಅಪೋಸ್ಟಿಲ್ ಆಮೇಲೆ.

ಅದಕ್ಕೂ ಮುಂಚೆ ಸಾಮಾನ್ಯವಾಗಿ ರಾಜ್ಯ ಸರ್ಕಾರದ ದೃಢೀಕರಣ ಬೇಕು, ಅದೂ ಪತ್ರ ಕೊಟ್ಟ ರಾಜ್ಯದ್ದು. ನಮ್ಮ ಉದಾಹರಣೆಯ ಮಗಳ ಜನನ ಪತ್ರ ಬೆಂಗಳೂರಿಗೆ, ಅಂಕಪಟ್ಟಿ ಮುಂಬೈಗೆ ಹೋಗ್ಬೇಕು. ಎರಡು ರಾಜ್ಯ, ಎರಡು ದಾರಿ, ಸಮಯ ಇಟ್ಕೊಳ್ಳಿ. ಹೋಗೋ ದೇಶ ಒಪ್ಪಂದದಲ್ಲಿ ಇದೆಯಾ ಅಂತಾನೂ ನೋಡಿ. ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್‌ನಿಂದ, ಕೆನಡಾದಲ್ಲಿ 2024ರ ಜನವರಿ 11ರಿಂದ ಅಪೋಸ್ಟಿಲ್ ಜಾರಿಯಲ್ಲಿದೆ. ಇಲ್ಲದ ದೇಶಕ್ಕೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣ ಬೇಕಾಗತ್ತೆ. ಹಳೇ ಪತ್ರ ಬರೀ ಕನ್ನಡ ಅಥವಾ ಮರಾಠಿಯಲ್ಲಿದ್ರೆ ಪ್ರಮಾಣಿತ ಅನುವಾದವೂ ಸೇರ್ಕೊಳ್ಳತ್ತೆ.

ಹತ್ತನೇ ಪಾಸಾಗದವರು ಗಲ್ಫ್‌ಗೆ ಕೆಲಸಕ್ಕೆ ಹೊರಟಿದ್ರೆ ಒಂದು ಮಾತು. 1983ರ ವಲಸೆ ಕಾಯ್ದೆ ಪ್ರಕಾರ ನಿಮಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಏಜೆಂಟ್ 'ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ' ಅಂದ್ರೆ ಒಪ್ಪಬೇಡಿ. ಕ್ಲಿಯರೆನ್ಸ್ ಜೊತೆಗೆ ಬರೋ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ವಿಮೆ ನಿಮ್ಮ ಮನೆಯವರಿಗೆ ಆಸರೆ.

ಕೊನೆಯದಾಗಿ, ಹಿಂದೆ ಉಳಿಯೋರ ಬಗ್ಗೆ. ಚಾಂದವಡ್‌ನ ಜಮೀನಿನ ಸಾತ್‌ಬಾರಾ, ಊರಿನ ಜಮೀನಿನ ಪಹಣಿ, ಎರಡರಲ್ಲೂ ಹೆಸರು ನೋಡಿ. ನಿಮ್ಮ ಪರವಾಗಿ ಅಣ್ಣನೋ ಅಮ್ಮನೋ ಓಡಾಡ್ಬೇಕಾದ್ರೆ ಮುಖ್ತಿಯಾರ್ ಪತ್ರ, ಅಂದ್ರೆ ಪವರ್ ಆಫ್ ಅಟಾರ್ನಿ, ಇಲ್ಲಿರುವಾಗಲೇ ಮಾಡಿಸಿ. ಯಾವ ಆಸ್ತಿ, ಯಾವ ಕೆಲಸ ಅಂತ ಸ್ಪಷ್ಟವಾಗಿ ಬರೆಸಿ. 'ಎಲ್ಲಾ ಅಧಿಕಾರ' ಅಂತ ಬೇಡ. ಅದನ್ನೇ ವಿದೇಶದಲ್ಲಿ ಮಾಡಿ ಕಳಿಸಿದ್ರೆ, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಶುಲ್ಕ ಕಟ್ಟಬೇಕು. ಅನಿವಾಸಿ ಆದ್ಮೇಲೆ ಬ್ಯಾಂಕಿಗೆ ತಿಳಿಸಿ ಉಳಿತಾಯ ಖಾತೆಯನ್ನ ಎನ್‌ಆರ್‌ಓ ಮಾಡಿಸಿ. ಅಪ್ಪ ಅಮ್ಮ ಇಷ್ಟಪಟ್ರೆ ಉಯಿಲು ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಇರಲಿ. ಈ ಮಾತು ಎತ್ತೋಕೆ ಸಂಕೋಚ ಆಗತ್ತೆ, ನಿಜ. ಆದ್ರೆ ಮುಂದೆ ತಾಪತ್ರಯ ಬಂದಾಗ ಕಚೇರಿ ಬಾಗಿಲಲ್ಲಿ ನಿಲ್ಲೋದು ವಯಸ್ಸಾದ ಅವರೇ. ನೀವು ಸಾವಿರಾರು ಮೈಲಿ ದೂರ ಇರ್ತೀರಿ.

ಇವತ್ತು ರಾತ್ರಿ ಊಟ ಆದ್ಮೇಲೆ ಒಂದು ಕೆಲಸ ಮಾಡಿ. ಮನೆಯವರೆಲ್ಲರ ಕಾಗದ ಹೊರಗೆ ತೆಗೀರಿ. ಒಂದು ಹಾಳೆಯಲ್ಲಿ ಪ್ರತಿ ಕಾಗದದಲ್ಲಿರೋ ಹೆಸರನ್ನ ಇದ್ದ ಹಾಗೇ, ಅಕ್ಷರ ಅಕ್ಷರ ಬರೀರಿ. ಎಲ್ಲಿ ಹೊಂದಲ್ವೋ ಅಲ್ಲಿಂದಲೇ ನಿಮ್ಮ ಪ್ರಯಾಣದ ತಯಾರಿ ಶುರು.